ಸಂಪಿನ ಮೋಟಾರ್ ನೀರೆತ್ತುತ್ತಿಲ್ಲವೇ? ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಅಥವಾ ಒಂದು ಎಚ್‌ಪಿ ಮೊನೊಬ್ಲಾಕ್ (ಪಂಪು, ಮೋಟಾರ್ ಒಂದೇ ಮೈಯಲ್ಲಿರುವ) ಮೋಟಾರ್ ಕೈಕೊಟ್ಟರೆ ಎಷ್ಟೋ ಮನೆಗಳಲ್ಲಿ ಅದನ್ನು ಬುಡಸಮೇತ ಬಿಚ್ಚಿ ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಪ್ಲಗ್ ಹಾಕಿದರೆ ಮೋಟಾರ್ ಚೆನ್ನಾಗಿಯೇ ಓಡುತ್ತದೆ. ಮನೆಗೆ ತಂದು ಕೂರಿಸಿದರೆ ಮತ್ತೆ ನೀರಿಲ್ಲ. ಮೋಟಾರ್ ಓಡುತ್ತಿದ್ದೂ ನೀರು ಬಾರದಿದ್ದರೆ ದೋಷ ಬಹುಪಾಲು ಮೋಟಾರಿನ ಹೊರಗೇ ಇರುತ್ತದೆ. ಸಂಪಿನೊಳಗಿನ ಪೈಪಿನಲ್ಲಿ, ಅದರ ತುದಿಯಲ್ಲಿದ್ದು ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್‌ನಲ್ಲಿ, ಇಲ್ಲವೇ ಒಂದು ಸಡಿಲ ಜಾಯಿಂಟಿನಲ್ಲಿ. ಹಾಗಾಗಿ ಇಲ್ಲಿ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಮೊದಲು ಕಿವಿ, ಆಮೇಲೆ ಮೀಟರ್, ಆಮೇಲೆ ಸಕ್ಷನ್ ಪೈಪ್ (ಸಂಪಿನಿಂದ ಪಂಪಿಗೆ ನೀರು ತರುವ ಪೈಪ್). ಮೋಟಾರಿನ ಬೋಲ್ಟಿಗೆ ಪಾನಾ ಹಾಕುವುದು ಕಟ್ಟಕಡೆಗೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕೆಪಾಸಿಟರ್ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರ್, ಸಾಧ್ಯವಾದರೆ ಜೊತೆಗೊಂದು ಕ್ಲಾಂಪ್ ಮೀಟರ್, ಹೋಲ್ಡರಿಗೆ ಎರಡು ವೈರ್ ಕಟ್ಟಿದ 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬು, 14 ಇಂಚಿನ ಎರಡು ಪೈಪ್ ರೆಂಚ್, 10–11 ಮತ್ತು 12–13 ಪಾನಾ, ಅಗಲ ಬಾಯಿನ ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಟಾರ್ಚು, 20 ಲೀಟರಿನ ಬಕೆಟ್, ಕೈಗಡಿಯಾರ. ಮೋಟಾರ್ ಬಿಚ್ಚುವ ಹಂತಕ್ಕೆ ಹೋದರೆ ಮೇಜಿಗೆ ಬೆಂಚ್ ವೈಸ್ ಮತ್ತು ಎರಡು ಕಾಲಿನ ಬೇರಿಂಗ್ ಪುಲ್ಲರ್ ಇರಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬೇರಿಂಗ್ ತೆಗೆಯಲು ಹೋದರೆ ಶಾಫ್ಟ್ ಬಾಗುತ್ತದೆ, ಅಲ್ಲಿಗೆ ಆ ಮೋಟಾರಿನ ಕಥೆ ಮುಗಿಯಿತು.

ಮುಟ್ಟುವ ಮುನ್ನ ಮೂರು ಎಚ್ಚರಿಕೆ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಿ, ಪ್ಲಗ್ ಕೀಳಿ. ಎಷ್ಟೋ ಮೋಟಾರುಗಳಲ್ಲಿ ಕಾದಾಗ ತಾನೇ ನಿಂತು, ತಣಿದಾಗ ತಾನೇ ಓಡುವ ಥರ್ಮಲ್ ಕಟ್ಆಫ್ ಇರುತ್ತದೆ. ಸತ್ತಂತೆ ಮಲಗಿದ್ದ ಮೋಟಾರ್ ಕೈಯಿಟ್ಟ ಹೊತ್ತಿಗೇ ತಿರುಗಬಹುದು. ಎರಡನೆಯದು, ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಅದರ ಎರಡು ತುದಿಗೂ ಬಲ್ಬಿನ ವೈರ್ ತಾಗಿಸಿ ಖಾಲಿ ಮಾಡಿ, ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಂಪಿಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಿರಬಹುದು, ಮೋಟಾರಿನಿಂದ ನೀರಿಗೆ ಕರೆಂಟ್ ಇಳಿದಿರಲೂಬಹುದು. ಫುಟ್‌ವಾಲ್ವ್ ನೋಡಲು ಇಳಿಯುವ ಅಗತ್ಯವೇ ಇಲ್ಲ, ಯೂನಿಯನ್ (ಪೈಪ್ ಬಿಡಿಸಲು ಬರುವ ನಟ್ಟಿನ ಜಾಯಿಂಟು) ಸಡಿಲಿಸಿ ಪೈಪನ್ನೇ ಮೇಲೆತ್ತಿದರೆ ಆಯಿತು.

ಮೊದಲು ಶಬ್ದ ಕೇಳಿ

ಹತ್ತು ಸೆಕೆಂಡು ಸ್ವಿಚ್ ಹಾಕಿ ಕಿವಿಗೊಡಿ. ಸದ್ದೇ ಇಲ್ಲದಿದ್ದರೆ ಕರೆಂಟ್ ಮೋಟಾರಿನವರೆಗೆ ಬಂದಿಲ್ಲ, ಅಥವಾ ಒಳಗೆ ವೈಂಡಿಂಗ್ ಇಲ್ಲವೇ ಕಟ್ಆಫ್ ತೆರೆದುಕೊಂಡಿದೆ. ಗುಂಯ್ ಎಂದು ನಡುಗಿ ತಿರುಗದಿದ್ದರೆ ಕೆಪಾಸಿಟರ್ ಹೋಗಿದೆ, ಇಲ್ಲವೇ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಹಿಡಿದುಕೊಂಡಿದೆ, ಇಲ್ಲವೇ ವೋಲ್ಟೇಜ್ ಸಾಲದು. ಹಗುರವಾಗಿ, ಎಂದಿಗಿಂತ ಸಲೀಸಾಗಿ ಓಡುತ್ತಿದೆ ಅನ್ನಿಸಿದರೆ ಒಳಗೆ ನೀರಿಲ್ಲ. ಬೆಣಚುಕಲ್ಲು ಅಲುಗಿಸಿದಂತೆ ಗಟಗಟ ಸದ್ದು ಬಂದರೆ ಸಕ್ಷನ್ ಕಟ್ಟಿಕೊಂಡಿದೆ ಅಥವಾ ಗಾಳಿ ಎಳೆಯುತ್ತಿದೆ. ಕಿರ್ ಎಂಬ ಉದ್ದ ಸದ್ದು ಬೇರಿಂಗಿನದು.

ಕ್ಲಾಂಪ್ ಮೀಟರ್ ಇದ್ದರೆ ಇದೇ ಹೊತ್ತಿಗೆ ಒಂದೇ ವೈರನ್ನು (ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ) ದವಡೆಯೊಳಗೆ ಹಿಡಿದು ಆಂಪಿಯರ್ ಓದಿ, ಮೋಟಾರಿನ ಪ್ಲೇಟಿನ ಮೇಲಿನ ಅಂಕಿಯೊಂದಿಗೆ ಹೋಲಿಸಿ. ಅರ್ಧ ಎಚ್‌ಪಿಗೆ ಸಾಮಾನ್ಯವಾಗಿ 3ರಿಂದ 4 ಆಂಪಿಯರ್. ಇಲ್ಲೊಂದು ಸೂಕ್ಷ್ಮವಿದೆ. ಮನೆಗಳಲ್ಲಿರುವ ಒಂದಿಂಚು ಬಾಯಿಯ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳು ಹೆಚ್ಚಾಗಿ ರಿಜೆನರೇಟಿವ್ ಜಾತಿಯವು. ಇವುಗಳಲ್ಲಿ ಡೆಲಿವರಿ ಪೈಪ್ (ಪಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವುದು) ಕಟ್ಟಿಕೊಂಡಷ್ಟೂ ಆಂಪಿಯರ್ ಏರುತ್ತದೆ, ಗಾಳಿ ಎಳೆದರೆ ಇಳಿಯುತ್ತದೆ. ತೋಟದ ಸೆಂಟ್ರಿಫ್ಯೂಗಲ್ ಪಂಪಿನದು ಬೇರೆ ಗುಣ. ಅಲ್ಲಿ ವಾಲ್ವ್ ಮುಚ್ಚಿದರೆ ಹೊರೆ ಕಡಿಮೆಯಾಗುತ್ತದೆ. ತೋಟದ ಅಭ್ಯಾಸದಲ್ಲಿ ಮನೆಯ ಪಂಪಿನ ಡೆಲಿವರಿ ವಾಲ್ವ್ ಮುಚ್ಚಿ ಚಾಲೂ ಮಾಡಿದರೆ ಮೋಟಾರ್ ಸುಡುವ ದಾರಿ ಹಿಡಿಯುತ್ತದೆ. ನೀರು ಬಾರದಿದ್ದಾಗ ಆಂಪಿಯರ್ ಪ್ಲೇಟಿಗಿಂತ ಕೆಳಗಿದ್ದರೆ ಸಕ್ಷನ್ ಕಡೆ ಹುಡುಕಿ, ಮೇಲಿದ್ದರೆ ಡೆಲಿವರಿ ಕಡೆ ಅಥವಾ ಪಂಪಿನೊಳಗೆ ಹುಡುಕಿ. ಇದೊಂದು ಓದು ಅರ್ಧ ದಿನದ ಕೆಲಸ ಉಳಿಸುತ್ತದೆ.

ಓಡುತ್ತದೆ, ನೀರು ಬರುವುದಿಲ್ಲ

ಸಂಪಿನ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಹಾಸ್ಯವಲ್ಲ, ಫುಟ್‌ವಾಲ್ವ್‌ಗಿಂತ ನೀರು ಕೆಳಗಿಳಿದಿರುವುದು ಸಾಮಾನ್ಯ ಸಂಗತಿ. ನೀರು ಇದ್ದೂ ಅದು ಫುಟ್‌ವಾಲ್ವ್‌ನ ಮೇಲೆ ಒಂದಡಿಗಿಂತ ಕಡಿಮೆಯಿದ್ದರೆ ಸುಳಿ ಎದ್ದು ಗಾಳಿ ಒಳಹೋಗುತ್ತದೆ.

ನೀರು ಸಾಕಷ್ಟಿದ್ದರೆ ಪಂಪಿನ ತಲೆಯ ಮೇಲಿನ ಪ್ರೈಮಿಂಗ್ ಬಿರಡೆ ಬಿಚ್ಚಿ, ಬಾಯಿಯವರೆಗೆ ನೀರು ಹುಯ್ಯಿರಿ. ಗುಳ್ಳೆ ಬರುವುದು ನಿಲ್ಲುವವರೆಗೆ ಹುಯ್ಯಬೇಕು. ಅವಸರದಲ್ಲಿ ಅರ್ಧ ಚೊಂಬು ಹುಯ್ದು ಬಿರಡೆ ಹಾಕಿದರೆ ಗಾಳಿ ಒಳಗೇ ಉಳಿಯುತ್ತದೆ. ಬಾಯಿ ತುಂಬಿದ ಮೇಲೆ ಬಿರಡೆ ಹಾಕದೆ ಐದು ನಿಮಿಷ ನೀರಿನ ಮೇಲ್ಮೈಯನ್ನೇ ನೋಡುತ್ತಿರಿ. ಈ ಐದು ನಿಮಿಷದಲ್ಲಿ ಮುಕ್ಕಾಲು ಉತ್ತರ ಸಿಗುತ್ತದೆ.

ನೀರು ಅಲುಗದೆ ನಿಂತರೆ ಫುಟ್‌ವಾಲ್ವ್ ಹಿಡಿಯುತ್ತಿದೆ, ಜಾಯಿಂಟುಗಳೂ ಸರಿಯಿವೆ ಎಂದರ್ಥ. ಬಿರಡೆ ಹಾಕಿ ಚಾಲೂ ಮಾಡಿದರೆ ನೀರು ಬರಬೇಕು. ನೀರು ಸರಸರ ಇಳಿದುಹೋದರೆ, ಸಂಪಿನ ಹೊರಗಿರುವ ಸಕ್ಷನ್ ಪೈಪಿನ ಪ್ರತಿ ಎಲ್ಬೋ, ಪ್ರತಿ ಯೂನಿಯನ್ ಕೆಳಗೆ ಒಣ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆಯಾದರೆ ಸೋರಿಕೆ ಅಲ್ಲಿಯೇ. ಪೈಪ್ ತುಂಬಿರುವಾಗ ಅದೇ ಸೀಳಿನಿಂದ ನೀರು ಹೊರಕ್ಕೆ ಜಿನುಗುತ್ತದೆ, ಮೋಟಾರ್ ಓಡುವಾಗ ಅದೇ ಸೀಳಿನಿಂದ ಗಾಳಿ ಒಳಕ್ಕೆ ಹೋಗುತ್ತದೆ. ಗಾಳಿ ಎಳೆಯುವ ಸೀಳು ಓಡುವಾಗ ಒಂದು ಹನಿಯೂ ಹೊರಗೆ ಬಿಡುವುದಿಲ್ಲ, ಹಾಗಾಗಿಯೇ ಅದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಅನುಮಾನವಿದ್ದ ಜಾಯಿಂಟಿಗೆ ದಪ್ಪ ಸೋಪಿನ ನೊರೆ ಹಚ್ಚಿ ಮೋಟಾರ್ ಓಡಿಸಿ. ನೊರೆ ಒಳಕ್ಕೆ ಎಳೆದುಕೊಂಡು ಕುಳಿ ಬಿದ್ದರೆ ಕಳ್ಳ ಸಿಕ್ಕಂತೆ.

ಹೊರಗೆಲ್ಲೂ ಒದ್ದೆಯಿಲ್ಲ, ನೀರು ಮಾತ್ರ ಇಳಿಯುತ್ತಿದೆ ಎಂದರೆ ಸಂಪಿನೊಳಗಿನ ಜಾಯಿಂಟು ಅಥವಾ ಫುಟ್‌ವಾಲ್ವ್. ಟಾರ್ಚ್ ಬಿಟ್ಟು ನೋಡಿ. ನೀರಿನ ಮಟ್ಟದ ಮೇಲಿನ ಪೈಪಿನಿಂದ ಹನಿ ಬಿದ್ದರೆ ಜಾಯಿಂಟು, ಸಂಪಿನ ನೀರು ನಿಶ್ಚಲವಾಗಿದ್ದರೆ ಫುಟ್‌ವಾಲ್ವ್. ಒಂದು ಮಾತು: ಕೆಲವು ಪಂಪುಗಳ ಒಳಬಾಯಿಯಲ್ಲೇ ರಬ್ಬರ್ ಫ್ಲಾಪ್ ಇರುತ್ತದೆ. ಅಂಥದ್ದರಲ್ಲಿ ಮೇಲಿನಿಂದ ಹುಯ್ದ ನೀರು ಪಂಪಿನೊಳಗಷ್ಟೇ ನಿಲ್ಲುತ್ತದೆ, ಕೆಳಗಿನ ಪೈಪಿನ ಬಗ್ಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ. ಆಗ ನೊರೆಯ ಪರೀಕ್ಷೆಯೇ ಗತಿ.

ಫುಟ್‌ವಾಲ್ವ್ ನೋಡಲು ಪಂಪಿನ ಪಕ್ಕದ ಯೂನಿಯನ್ ಬಿಚ್ಚಿ. ಒಂದು ರೆಂಚಿನಿಂದ ಪೈಪ್ ಹಿಡಿದು ಇನ್ನೊಂದರಿಂದ ಯೂನಿಯನ್ ನಟ್ಟು ತಿರುಗಿಸಬೇಕು. ಒಂದೇ ರೆಂಚ್ ಹಾಕಿದರೆ ತಿರುಚುವ ಬಲವೆಲ್ಲ ಪಂಪಿನ ಎರಕದ ಬಾಯಿಗೆ ಹೋಗಿ ಅದು ಸೀಳುತ್ತದೆ. ಪೈಪನ್ನು ಇಬ್ಬರು ಸೇರಿ ನೆಟ್ಟಗೆ ಮೇಲೆತ್ತಿ. ತುದಿಯಲ್ಲಿರುವ ಹಿತ್ತಾಳೆ ವಾಲ್ವಿನ ಜಾಲರಿ ತಿರುಗಿಸಿ ತೆಗೆದರೆ ಒಳಗೆ ಒಂದು ಬಿಲ್ಲೆ, ಅದರ ಮೈಗೆ ಚರ್ಮದ ಅಥವಾ ರಬ್ಬರಿನ ವಾಷರ್ ಕಾಣುತ್ತದೆ. ಬಿಲ್ಲೆಯನ್ನು ಬೆರಳಿನಿಂದ ಎತ್ತಿ ಬಿಡಿ, ಟಪ್ ಎಂದು ಕೂರಬೇಕು. ಕೂರದಿದ್ದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಾಸಿವೆ ಗಾತ್ರದ ಒಂದು ಮರಳ ಕಾಳು, ಸಿಮೆಂಟಿನ ಚೂರು, ಪ್ಲಾಸ್ಟಿಕ್ ಕವರಿನ ಎಳೆ ವಾಷರಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಇಷ್ಟು ಸಾಕು, ರಾತ್ರಿ ಕಳೆಯುವುದರೊಳಗೆ ಪೈಪಿನ ನೀರೆಲ್ಲ ಸಂಪಿಗೆ ವಾಪಸ್ಸು. ಟ್ಯಾಂಕರ್ ನೀರು ಹಾಕಿಸುವ ಮನೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಕಾಳು ತೆಗೆದು, ಹಿತ್ತಾಳೆಯ ಕೂರುವ ಅಂಚನ್ನು ಬಟ್ಟೆಯಿಂದ ಉಜ್ಜಿ. ವಾಷರ್ ಮೇಲೆ ಆಳವಾದ ಉಂಗುರದ ಗೆರೆ ಬಿದ್ದಿದ್ದರೆ ಅಥವಾ ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ ವಾಷರ್ ಬದಲಿಸಿ. ಅಂಚಿಗೇ ಗೀರು ಬಿದ್ದಿದ್ದರೆ ಫುಟ್‌ವಾಲ್ವ್ ಹೊಸದು ತನ್ನಿ, ಉಜ್ಜಿ ಸರಿಮಾಡುವ ಪ್ರಯತ್ನ ಹೆಚ್ಚು ದಿನ ಬಾಳುವುದಿಲ್ಲ.

ಜೋಡಿಸುವ ಮೊದಲು ಅಲ್ಲಿಯೇ ಪರೀಕ್ಷೆ ಮಾಡಿಬಿಡಿ: ಪೈಪನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ನೀರು ತುಂಬಿ, ಹತ್ತು ನಿಮಿಷ ಕೆಳಗೆ ಹನಿ ಬೀಳಬಾರದು. ಹೊಸ ಫುಟ್‌ವಾಲ್ವ್ ಆದರೂ ಇದನ್ನು ತಪ್ಪಿಸಬೇಡಿ.

ಮತ್ತೆ ಕೂರಿಸುವಾಗ ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು, ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗಿ ಸುತ್ತಿ. ತೆಳ್ಳನೆಯ ಟೇಪಾದರೆ ಒಂದಿಂಚಿನ ಥ್ರೆಡ್ಡಿಗೆ 10–12 ಸುತ್ತು. ಫುಟ್‌ವಾಲ್ವ್ ಸಂಪಿನ ತಳದಿಂದ ಒಂದಡಿ ಮೇಲಿರಲಿ, ಇಲ್ಲದಿದ್ದರೆ ಕೆಸರನ್ನೇ ಹೀರುತ್ತದೆ. ಅಡ್ಡ ಪೈಪು ಸಂಪಿನಿಂದ ಪಂಪಿನವರೆಗೆ ಸ್ವಲ್ಪ ಸ್ವಲ್ಪವೇ ಏರುತ್ತಾ ಬರಬೇಕು. ನಡುವೆ ಡುಬ್ಬದಂತೆ ಎದ್ದಿದ್ದರೆ ಅಲ್ಲಿ ಗಾಳಿ ಕೂರುತ್ತದೆ, ಎಷ್ಟು ನೀರು ಹುಯ್ದರೂ ಆ ಗಾಳಿ ಹೊರಬರುವುದಿಲ್ಲ. ಸಕ್ಷನ್ ಪೈಪಿನ ಅಳತೆ ಪಂಪಿನ ಬಾಯಿಗಿಂತ ಸಣ್ಣದಾಗಲೇಬಾರದು.

ಸಂಪಿನ ಬದಲು ತೆರೆದ ಬಾವಿಯಿಂದ ನೀರೆತ್ತುವ ಮನೆಗಳಿಗೆ ಇನ್ನೊಂದು ಲೆಕ್ಕ. ಪಂಪು ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗೆ ಒತ್ತಡ ಇಳಿಸುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲೇರಿಸುತ್ತದೆ. ಮಂಗಳೂರಿನಂಥ ಕಡಲ ಮಟ್ಟದ ಊರಿನಲ್ಲಿ ಈ ಒತ್ತಡ ಹಿಡಿದೆತ್ತಬಲ್ಲ ಗರಿಷ್ಠ ಎತ್ತರ 10.3 ಮೀಟರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 9.2 ಮೀಟರಿನ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಪೈಪಿನ ಘರ್ಷಣೆ, ವಾಲ್ವ್, ಎಲ್ಬೋ ಎಲ್ಲ ಕಳೆದರೆ ಕೈಗೆ ಸಿಗುವುದು 6 ಮೀಟರ್ ಎಂದಿಟ್ಟುಕೊಳ್ಳಿ. ಮಾರ್ಚ್‌ವರೆಗೆ ಚೆನ್ನಾಗಿ ನೀರೆತ್ತಿದ ಪಂಪು ಏಪ್ರಿಲ್‌ನಲ್ಲಿ ನಿಂತರೆ ಪಂಪಿಗೆ ಏನೂ ಆಗಿಲ್ಲ, ಬಾವಿಯ ಮಟ್ಟ ಇಳಿದಿದೆ. ಅಲ್ಲಿ ಹೆಚ್ಚು ಎಚ್‌ಪಿಯ ಮೋಟಾರ್ ತಂದರೂ ಪ್ರಯೋಜನವಿಲ್ಲ. ಪಂಪನ್ನೇ ಕೆಳಗಿಳಿಸಬೇಕು, ಇಲ್ಲವೇ ನೀರಿನೊಳಗೆ ಮುಳುಗುವ ಪಂಪು ಹಾಕಬೇಕು.

ನೀರು ಬರುತ್ತದೆ, ಆದರೆ ಸಣ್ಣಗೆ

ಊಹೆ ಬೇಡ, ಅಳೆಯಿರಿ. ಮೇಲಿನ ಟ್ಯಾಂಕಿಗೆ ಬೀಳುವ ನೀರನ್ನು 20 ಲೀಟರಿನ ಬಕೆಟ್ಟಿಗೆ ಹಿಡಿದು ಸಮಯ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 1200 ಲೀಟರ್. ಪ್ಲೇಟಿನ ಮೇಲೆ ಎತ್ತರಕ್ಕೆ ತಕ್ಕಂತೆ ಎಷ್ಟು ಲೀಟರ್ ಬರಬೇಕೆಂದು ಇರುತ್ತದೆ, ಹೋಲಿಸಿ.

ನಿಧಾನವಾಗಿ, ತಿಂಗಳುಗಳಲ್ಲಿ ಕಡಿಮೆಯಾಗಿದ್ದರೆ ಕಾರಣ ಮೂರರಲ್ಲೊಂದು. ಜಾಲರಿಗೆ ಕೆಸರು ಮೆತ್ತಿದೆ. ಬೋರ್‌ವೆಲ್‌ನ ಗಡಸು ನೀರಿನಿಂದ ಪೈಪಿನೊಳಗೆ ಸುಣ್ಣದ ಪದರ ಕಟ್ಟಿದೆ. ಅಥವಾ ಇಂಪೆಲ್ಲರ್ ಸವೆದಿದೆ. ರಿಜೆನರೇಟಿವ್ ಪಂಪಿನ ಹಿತ್ತಾಳೆ ಇಂಪೆಲ್ಲರ್ ಮತ್ತು ಅದರ ಕವಚದ ನಡುವೆ ಕೂದಲೆಳೆಯಷ್ಟೇ ಸಂದಿ. ಮರಳು ಈ ಸಂದಿಯನ್ನು ತಿಂದರೆ ನೀರು ಒಳಗೇ ಸುತ್ತುತ್ತದೆ, ಮೇಲೇರುವುದಿಲ್ಲ. ಬದಲಿಸದೆ ಬೇರೆ ದಾರಿಯಿಲ್ಲ.

ಒಂದೇ ದಿನದಲ್ಲಿ ಕಡಿಮೆಯಾಗಿದ್ದರೆ ಡೆಲಿವರಿ ಲೈನಿನ ಗೇಟ್ ವಾಲ್ವ್ ನೋಡಿ. ಹಳೆಯ ಗೇಟ್ ವಾಲ್ವ್‌ನಲ್ಲಿ ಕೈಚಕ್ರ ತಿರುಗುತ್ತಲೇ ಇರುತ್ತದೆ, ಒಳಗಿನ ಬಿಲ್ಲೆ ಮಾತ್ರ ಕಡ್ಡಿಯಿಂದ ಕಳಚಿ ಕೆಳಗೆ ಬಿದ್ದು ದಾರಿ ಮುಚ್ಚಿರುತ್ತದೆ. ಹೊರಗಿನಿಂದ ಎಲ್ಲ ತೆರೆದಂತೆಯೇ ಕಾಣುತ್ತದೆ. ಬದಲಿಗೆ ಬಾಲ್ ವಾಲ್ವ್ ಹಾಕಿಸಿ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ಆರಿಸಿ. ತಿರುಗದೆ ನಿಂತ ಮೋಟಾರ್ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗಿನ ವಾರ್ನಿಷ್ ಕರಗಲು ಹೆಚ್ಚು ಹೊತ್ತು ಬೇಡ.

ಪ್ಲಗ್ ಕಿತ್ತು ಹಿಂದಿನ ಫ್ಯಾನ್ ಕವರ್ ಕಡೆ ನೋಡಿ. ಹೆಚ್ಚಿನ ಮೊನೊಬ್ಲಾಕ್‌ಗಳಲ್ಲಿ ಶಾಫ್ಟಿನ ತುದಿಗೆ ಸ್ಕ್ರೂಡ್ರೈವರ್ ಕೂರುವ ಕಚ್ಚು ಇರುತ್ತದೆ. ಅಲ್ಲಿಟ್ಟು ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಅಥವಾ ವೋಲ್ಟೇಜ್. ಅಲುಗದಿದ್ದರೆ ಇಂಪೆಲ್ಲರ್ ಹಿಡಿದಿದೆ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಹೀಗಾಗುವುದು ಹೆಚ್ಚು, ಆ ಕೂದಲೆಳೆ ಸಂದಿಯಲ್ಲಿ ತುಕ್ಕು ಕಟ್ಟಿರುತ್ತದೆ. ಪಂಪಿಗೆ ನೀರು ತುಂಬಿ ಒಂದು ಗಂಟೆ ಬಿಟ್ಟು, ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಆಡಿಸಿ. ಸುತ್ತಿಗೆ ಏಟು ಬೇಡ, ಹಿತ್ತಾಳೆಯ ಹಲ್ಲು ಮುರಿಯುತ್ತದೆ. ಬಿಟ್ಟುಕೊಂಡ ಮೇಲೆ ನಾಲ್ಕೈದು ಪೂರ್ತಿ ಸುತ್ತು ತಿರುಗಿಸಿ ಆಮೇಲೆ ಕರೆಂಟ್ ಕೊಡಿ. ಕರೆಂಟ್ ಇರುವಾಗ ಶಾಫ್ಟ್ ತಿರುಗಿಸಿ ಚಾಲೂ ಮಾಡುವ ಅಭ್ಯಾಸ ಕೆಲವರಿಗಿದೆ, ಬೆರಳು ಹೋಗುತ್ತದೆ, ದಯವಿಟ್ಟು ಮಾಡಬೇಡಿ.

ಕೆಪಾಸಿಟರನ್ನು ಖಾಲಿ ಮಾಡಿ, ಒಂದು ವೈರ್ ಬಿಡಿಸಿ ಮೀಟರಿನಲ್ಲಿ ಅಳೆಯಿರಿ. ಅರ್ಧ ಎಚ್‌ಪಿಗೆ ಸಾಮಾನ್ಯವಾಗಿ 10 ಮೈಕ್ರೋಫ್ಯಾರಡ್, ಒಂದು ಎಚ್‌ಪಿಗೆ 20 ಅಥವಾ 25, ಎರಡಕ್ಕೂ 440 ವೋಲ್ಟ್. ನಿಮ್ಮದು ಎಷ್ಟೆಂಬುದಕ್ಕೆ ಪ್ಲೇಟೇ ಪ್ರಮಾಣ. 10ರದ್ದು 9ಕ್ಕಿಂತ ಕೆಳಗೆ ತೋರಿಸಿದರೆ, ಅಥವಾ ಡಬ್ಬಿ ಉಬ್ಬಿದ್ದರೆ ಬದಲಿಸಿ. ಜೋರಾಗಿ ಓಡಲೆಂದು ದೊಡ್ಡ ಅಳತೆಯದು ಹಾಕಿದರೆ ಸ್ಟಾರ್ಟಿಂಗ್ ವೈಂಡಿಂಗ್‌ಗೆ ಹೆಚ್ಚು ಕರೆಂಟ್ ಹೋಗಿ ಅದು ಕಾಯುತ್ತದೆ. ವೋಲ್ಟ್ ಸಂಖ್ಯೆ ಮಾತ್ರ ಹೆಚ್ಚಿರಬಹುದು, ಕಡಿಮೆ ಆಗಬಾರದು.

ಕೆಪಾಸಿಟರ್ ಸರಿಯಿದ್ದರೆ ಚಾಲೂ ಮಾಡುವ ಕ್ಷಣದಲ್ಲಿ ಮೋಟಾರಿನ ತುದಿಯಲ್ಲೇ ವೋಲ್ಟೇಜ್ ಓದಿ. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230ರ ಬದಲು 180 ಬಂದರೆ ಬಲ 61 ಶೇಕಡಕ್ಕೆ ಬೀಳುತ್ತದೆ. ಬೋರ್ಡಿನಲ್ಲಿ 225 ಇದ್ದು ಮೋಟಾರಿನಲ್ಲಿ 190 ಆದರೆ ನಡುವಿನ ವೈರ್ ತೆಳು ಅಥವಾ ಸಾಕೆಟ್ಟಿನ ಸ್ಕ್ರೂ ಸಡಿಲ. ಉದ್ದ ಲೈನಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಇರಲಿ.

ಸದ್ದೇ ಇಲ್ಲದ ಮೋಟಾರಿಗೆ ವೈಂಡಿಂಗಿನ ಮೂರು ವೈರುಗಳನ್ನು ಬಿಡಿಸಿ, ಎರಡೆರಡಾಗಿ ಓಮ್ ಅಳೆಯಿರಿ. ಉದಾಹರಣೆಗೆ 12, 20, 32 ಬಂದರೆ ದೊಡ್ಡದು ಉಳಿದೆರಡರ ಮೊತ್ತ, ವೈಂಡಿಂಗ್ ಕಡಿದಿಲ್ಲ. ಯಾವುದಾದರೂ ಜೋಡಿ ಏನೂ ತೋರಿಸದಿದ್ದರೆ ಒಂದು ಗಂಟೆ ತಣಿಯಲು ಬಿಟ್ಟು ಮತ್ತೆ ನೋಡಿ, ಕಟ್ಆಫ್ ತೆರೆದಿರಬಹುದು. ತಣಿದರೂ ಹಾಗೆಯೇ ಇದ್ದರೆ, ಸುಟ್ಟ ವಾರ್ನಿಷ್ ವಾಸನೆಯೂ ಇದ್ದರೆ, ಆಗ ವೈಂಡಿಂಗ್ ಅಂಗಡಿಗೆ ಹೋಗುವ ಸಮಯ.

ಎಂಸಿಬಿ ಬೀಳುತ್ತದೆ, ಪೈಪ್ ಮುಟ್ಟಿದರೆ ಜುಮ್ಮೆನ್ನುತ್ತದೆ

ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಎಂದು ಮೊದಲು ನೋಡಿ. ಎಂಸಿಬಿ ಬಿದ್ದರೆ ಹೆಚ್ಚು ಕರೆಂಟ್ ಎಳೆದಿದೆ, ಮೇಲೆ ಹೇಳಿದ ಹಿಡಿದುಕೊಂಡ ಇಂಪೆಲ್ಲರ್ ಅಥವಾ ವೈಂಡಿಂಗ್ ಶಾರ್ಟ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಿದ್ದರೆ ಕರೆಂಟ್ ಮೈಗೆ ಸೋರಿದೆ, ಅಂದರೆ ವೈಂಡಿಂಗ್ ಅಥವಾ ಟರ್ಮಿನಲ್ ಡಬ್ಬಿ ಒದ್ದೆಯಾಗಿದೆ. ಮಾಮೂಲಿ ಮಲ್ಟಿಮೀಟರ್ ಇದನ್ನು ಹಿಡಿಯದೆ ಬಿಡಬಹುದು. ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ 500 ವೋಲ್ಟಿನ ಮೆಗ್ಗರ್‌ನಿಂದ ವೈಂಡಿಂಗ್ ಮತ್ತು ಮೋಟಾರಿನ ಮೈ ನಡುವೆ ಅಳೆದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಆರ್‌ಸಿಸಿಬಿ ಬಿಡಿಸಿ ಮೋಟಾರ್ ಓಡಿಸುವುದು ಜೀವಕ್ಕೆ ಕುತ್ತು, ಅದೇ ಪೈಪು ಬಚ್ಚಲಿನವರೆಗೂ ಹೋಗುತ್ತದೆ. ಒದ್ದೆಯಾದ ಮೋಟಾರನ್ನು ಮೇಜಿನ ಮೇಲೆ ಬಿಚ್ಚಿ, ಸ್ಟೇಟರಿನೊಳಗೆ 60 ವ್ಯಾಟಿನ ತಂತಿ ಬಲ್ಬು ಒಂದು ದಿನ ಉರಿಸಿ ಒಣಗಿಸಿ, ಮತ್ತೆ ಅಳೆಯಿರಿ. ನೀರು ಒಳಗೆ ಹೋದದ್ದು ಹೇಗೆಂದು ಹುಡುಕದೆ ಮುಚ್ಚಿದರೆ ಮತ್ತೆ ಅದೇ ಗತಿ. ದಾರಿ ಸಾಮಾನ್ಯವಾಗಿ ಒಂದೇ, ಮೆಕ್ಯಾನಿಕಲ್ ಸೀಲ್ (ಪಂಪಿನ ನೀರು ಶಾಫ್ಟಿನ ಗುಂಟ ಮೋಟಾರಿಗೆ ಬಾರದಂತೆ ತಡೆಯುವುದು).

ಪಂಪು ಮತ್ತು ಮೋಟಾರಿನ ನಡುವೆ ಸೋರಿಕೆ

ನಡುವಿನ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಕಪ್ಪು ಕಾರ್ಬನ್ ಉಂಗುರ ಶಾಫ್ಟಿನ ಜೊತೆ ತಿರುಗುತ್ತದೆ, ಬಿಳಿ ಸೆರಾಮಿಕ್ ಉಂಗುರ ಕವಚದಲ್ಲಿ ನಿಂತಿರುತ್ತದೆ, ಸ್ಪ್ರಿಂಗ್ ಎರಡನ್ನೂ ಒತ್ತುತ್ತದೆ. ಎರಡರ ನಡುವಿನ ನೀರಿನ ತೆಳು ಪೊರೆಯೇ ಅವನ್ನು ತಂಪಾಗಿಡುವುದು. ನೀರಿಲ್ಲದೆ ಕೆಲವೇ ನಿಮಿಷ ಓಡಿದರೂ ಮುಖಗಳು ಕಾದು, ಮೇಲೆ ತಣ್ಣೀರು ಬಿದ್ದೊಡನೆ ಸೆರಾಮಿಕ್ ಬಿರುಕು ಬಿಡುತ್ತದೆ.

ಕವಚದ ನಾಲ್ಕು ಬೋಲ್ಟ್ ಬಿಚ್ಚಿ, ಇಂಪೆಲ್ಲರನ್ನು ಎರಡು ಕಡೆಯಿಂದ ಸಮನಾಗಿ ಎಳೆದು ತೆಗೆಯಿರಿ. ಹಳೆಯ ಸೀಲನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ, ಎರಡೂ ಉಂಗುರ ಒಟ್ಟಿಗೇ ಬದಲಾಗಬೇಕು. ಶಾಫ್ಟಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆಯಿರಿ. ಸೀಲಿನ ಉಂಗುರಗಳ ಹೊಳೆಯುವ ಎರಡು ಮುಖಗಳನ್ನು ಬೆರಳಿನಿಂದ ಮುಟ್ಟಬೇಡಿ, ಗ್ರೀಸಂತೂ ಬೇಡವೇ ಬೇಡ. ರಬ್ಬರಿಗೆ ಸೋಪಿನ ನೀರು ಸವರಿ ಹೆಬ್ಬೆರಳಿನಿಂದ ನೆಟ್ಟಗೆ ಒತ್ತಿ ಕೂರಿಸಿ. ಗ್ಯಾಸ್ಕೆಟ್ಟಿನ ದಪ್ಪ ಹಳೆಯದಷ್ಟೇ ಇರಲಿ. ದಪ್ಪವಾದರೆ ಸಂದಿ ಹೆಚ್ಚಿ ನೀರು ಕಡಿಮೆಯಾಗುತ್ತದೆ, ತೆಳುವಾದರೆ ಇಂಪೆಲ್ಲರ್ ಹಿಡಿಯುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಪ್ರತಿ ಸಲ ಅರ್ಧ ಸುತ್ತು ಬಿಗಿಯುತ್ತಾ, ನಡುನಡುವೆ ಶಾಫ್ಟ್ ತಿರುಗಿಸಿ ನೋಡಿ.

ಮೋಟಾರ್ ಬಿಚ್ಚಿರುವಾಗಲೇ ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ. ಗರಗರ ಎಂದರೆ ಈಗಲೇ ಬದಲಿಸಿ. ಸಣ್ಣ ಮೋಟಾರುಗಳಲ್ಲಿ ಹೆಚ್ಚಾಗಿ 6202 (ಒಳ ವ್ಯಾಸ 15, ಹೊರ ವ್ಯಾಸ 35, ಅಗಲ 11 ಮಿಲಿಮೀಟರ್) ಇರುತ್ತದೆ, ಆದರೂ ಅಂಚಿನ ಮೇಲಿನ ನಂಬರ್ ಓದಿಕೊಂಡೇ ತನ್ನಿ. ಎರಡೂ ಬದಿ ಮುಚ್ಚಿದ್ದು ಬೇಕು. ಶಾಫ್ಟಿಗೆ ಹೊಡೆದು ಕೂರಿಸುವಾಗ ಪೈಪಿನ ತುಂಡನ್ನು ಒಳ ಉಂಗುರದ ಮೇಲೆ ಮಾತ್ರ ಇಡಿ; ಹೊರ ಉಂಗುರಕ್ಕೆ ಬಿದ್ದ ಏಟು ಗುಂಡುಗಳ ದಾರಿಯಲ್ಲಿ ಕುಳಿ ಮಾಡುತ್ತದೆ.

ಎಲ್ಲ ಜೋಡಿಸಿ, ಬಾಯಿ ತುಂಬ ನೀರು ಹುಯ್ದು, ಡೆಲಿವರಿ ವಾಲ್ವ್ ಪೂರ್ತಿ ತೆರೆದು ಚಾಲೂ ಮಾಡಿ. ಎರಡು ನಿಮಿಷದಲ್ಲಿ ನೀರು ಬಾರದಿದ್ದರೆ ಆರಿಸಿ, ಹೊಸ ಸೀಲನ್ನು ನೀರಿಲ್ಲದೆ ಓಡಿಸಬೇಡಿ. ನೀರು ಬಂದ ಮೇಲೆ ಆಂಪಿಯರ್, ವೋಲ್ಟೇಜ್, ಬಕೆಟ್ ತುಂಬಿದ ಸೆಕೆಂಡು, ಈ ಮೂರನ್ನೂ ತಾರೀಕಿನ ಸಮೇತ ಸ್ವಿಚ್ ಬೋರ್ಡಿನ ಒಳಬದಿಗೆ ಮಾರ್ಕರಿನಲ್ಲಿ ಬರೆದಿಡಿ. ಮಾರನೆಯ ಬೆಳಿಗ್ಗೆ, ರಾತ್ರಿಯೆಲ್ಲ ನಿಂತ ಮೋಟಾರ್ ನೀರು ಹುಯ್ಯದೆಯೇ ನೀರೆತ್ತಿದರೆ ಫುಟ್‌ವಾಲ್ವ್ ಕೂಡ ಸರಿಯಾಗಿದೆ.